ಮುಚ್ಚಳದ ಒಳಗೆ

ಮೊದಲು, ಕೊಂಡದ್ದನ್ನು ಯಾರಿಗೂ ಹೇಳಬಾರದು.
ಹೇಳಿದರೂ ಬೆಲೆ ಹೇಳಬಾರದು.
ತಂಗಿ ನರಸಮ್ಮ ಕೇಳಿದಳು, "ಇದೇನೇ, ಗಂಡಸರ ವಾಚು?"
"ಹಳೇದು" ಅಂದೆ. ಸುಳ್ಳಲ್ಲ.
ಗ್ರಾಚ್ಯುಟಿಯ ಕಾಲು ಭಾಗ ಹೋಯಿತು ಅನ್ನಲಿಲ್ಲ.

ಲ್ಯಾವೆಲ್ಲೆ ರಸ್ತೆಯ ಅಂಗಡಿಯಲ್ಲಿ ಹುಡುಗನೊಬ್ಬ
ಬಿಳಿ ಕೈಗವಸು ತೊಟ್ಟು, ಬಾಣಂತಿಯ ಕೂಸಿನಂತೆ ಎತ್ತಿಕೊಟ್ಟಿದ್ದ.
"ಮೇಡಂ, ಲೇಡೀಸ್ ಮಾಡೆಲ್ ತೋರಿಸಲಾ?"
ಬೇಡಪ್ಪ, ನನಗೆ ಅಂಕಿ ಕಾಣಬೇಕು.
ಮೂವತ್ತೊಂದು ವರ್ಷ ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ
ಬರುವ ಗಾಡಿ, ಹೋಗುವ ಗಾಡಿ,
ಹೊತ್ತು ಬರೆದು ಬರೆದು ಸವೆದ ಕಣ್ಣು.

ಆಮೇಲೆ ಚೈನು ಬಿಚ್ಚಿ, ಹಳೇ ಹಲ್ಲುಬ್ರಷ್ಷು,
ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು.
ಕೊಂಡಿ ಕೊಂಡಿಯ ಸಂದಿನಿಂದ ಕಪ್ಪಗೆ ಬಿಟ್ಟಿತು
ಯಾರದೋ ಬೆವರು, ಯಾರದೋ ಇಪ್ಪತ್ತು ಬೇಸಿಗೆ.
ಬಚ್ಚಲ ತೂತಿನಲ್ಲಿ ಸುತ್ತಿ ಸುತ್ತಿ ಇಳಿಯಿತು.
ಗುರುತಿಲ್ಲದ ಮನೆಯ ಹೆಣಕ್ಕೆ ಮೀಯಿಸಿದ ಹಾಗೆ
ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಮುಚ್ಚಳ ನಾವೇ ತೆಗೆಯಬಾರದು. ಅಷ್ಟು ಬುದ್ಧಿ ಇದೆ.
ಅವೆನ್ಯೂ ರಸ್ತೆಯ ಸಂದಿ, ಮೆಟ್ಟಿಲ ಕೆಳಗೆ
ಅಂತೋಣಪ್ಪನ ಒಂದೂವರೆ ಗಜದ ಅಂಗಡಿ.
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ತಿರುವಿದ.
"ಅಸಲಿ."
ನಾನು ಎಷ್ಟು ಹೊತ್ತಿನಿಂದ ಉಸಿರು ಬಿಗಿಹಿಡಿದಿದ್ದೆನೋ.

"ಇಲ್ಲಿ ನೋಡಿ ಅಕ್ಕಾ." ಮುಚ್ಚಳದ ಒಳಮೈಯಲ್ಲಿ
ಸೂಜಿಯಿಂದ ಕೊರೆದ ಕೂದಲೆಳೆಯ ಗೀರು, ಮೂರು:
ಒಂದೊಂದು ಸಲ ಬಿಚ್ಚಿದವನ ಗುರುತು, ತಾರೀಕು.
ಕೊನೆಯದಕ್ಕೆ ಹನ್ನೊಂದು ವರ್ಷ.
"ಧಣಿಗಳಿಗೆ ಇದು ಕಾಣೋದೇ ಇಲ್ಲ.
ರಿಪೇರಿಯವರು ರಿಪೇರಿಯವರಿಗೆ ಬರೆಯೋ ಕಾಗದ."
ಎಣ್ಣೆ ಆರಿದೆ ಅಂದ. ಅಯಸ್ಕಾಂತ ಹಿಡಿದಿದೆ,
ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುತ್ತದೆ.

ನಾಲ್ಕು ನಿಮಿಷ.

ಒಂದು ಚಳಿಗಾಲ ಕ್ಯಾಬಿನ್ನಿನ ಗೋಡೆಗಡಿಯಾರ
ಅಷ್ಟೇ ಮುಂದಿತ್ತು. ನನಗೆ ತಿಳಿದದ್ದು ಯುಗಾದಿಗೆ.
ಅಷ್ಟರಲ್ಲಿ ಡ್ರೈವರ್ ಬೆಟ್ಟಹನುಮಯ್ಯನಿಗೆ
ಆರು ಮೆಮೊ, ನನ್ನದೇ ದುಂಡಕ್ಷರ:
ತಡ. ತಡ. ತಡ.
ಒಂದು ಇಂಕ್ರಿಮೆಂಟು ಹೋಯಿತು.
ಗಡಿಯಾರ ಸರಿ ಮಾಡಿಸಿದೆ, ರಿಜಿಸ್ಟರು ಮಾಡಿಸಲಿಲ್ಲ.
ಅವನು ಜಗಳಕ್ಕೆ ಬರಲಿಲ್ಲ.
"ಟೈಮೆಷ್ಟು ಮೇಡಂ" ಅಂತ ಕಿಟಕಿಗೆ ಬಗ್ಗುತ್ತಿದ್ದವನು
ಆಮೇಲೆ ಬಗ್ಗಲಿಲ್ಲ, ಅಷ್ಟೆ.
ಇದಕ್ಕೆ ಮುಳ್ಳು ಅಂತ ಹೆಸರಿಟ್ಟವರು ಯಾರೋ,
ಚುಚ್ಚಿಸಿಕೊಂಡವರೇ ಇರಬೇಕು.

ಒಂಬತ್ತು ದಿನ ಬಿಟ್ಟು ಹೋದೆ.
ಹಿಂದಿನವನ ಮಣಿಕಟ್ಟು ನನ್ನದಕ್ಕಿಂತ ದಪ್ಪ;
ತೆಗೆದ ಎರಡು ಕೊಂಡಿ ಪೊಟ್ಟಣ ಕಟ್ಟಿಟ್ಟಿದ್ದ.
ಕಳೆಯಬೇಡಿ, ನಂಬರು ಬರೆದಿಡಿ, ಫೋನಿನ ಪಕ್ಕ ಇಡಬೇಡಿ,
ಸೀಲು ಹೊಸದು, ಆದರೂ ಮಳೆಗೆ ಒಡ್ಡಬೇಡಿ.
ಮುಚ್ಚುವ ಮುಂಚೆ ನಾಲ್ಕನೇ ಗೀರು ತೋರಿಸಿದ,
ತನ್ನದು, ಕನ್ನಡ ಅಂಕಿಯಲ್ಲಿ.

"ಪಕ್ಕದಲ್ಲಿ ಇನ್ನೊಂದು ಹೆಸರು ಕೊರೀತೀಯಾ?"
"ಗಿರಾಕಿ ಹೆಸರು ಹಾಕೋ ಪದ್ಧತಿ ಇಲ್ಲ ಅಕ್ಕಾ."
"ನನ್ನದಲ್ಲ."
ಮುಖ ನೋಡಿದ. ಸೂಜಿ ತಗೊಂಡ.
'ಬೆ' ಎಂಬ ಒಂದಕ್ಷರಕ್ಕೆ ಮಾತ್ರ ಜಾಗವಿತ್ತು.

ಅದು ಯಾರಿಗೂ ಕಾಣುವುದಿಲ್ಲ.
ಅದರಿಂದ ಯಾರ ಪಿಂಚಣಿಯೂ ಏರುವುದಿಲ್ಲ.

ಸಂಜೆ ಮಾರ್ಕೆಟ್ಟಿನಲ್ಲಿ, ಸೆರಗನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡು
ಬಸ್ಸಿಗೆ ನಿಂತೆ. ಬಂತು, ತಡವಾಗಿ, ಒಂದು ಕಡೆ ವಾಲಿಕೊಂಡು.
ಬೆರಳು ತಾನಾಗಿ ಪೆನ್ನು ಹುಡುಕಿತು.
ಸೇವಂತಿಗೆ ಬುಟ್ಟಿಯವಳು ಕೇಳಿದಳು,
"ಟೈಮೆಷ್ಟಾಯ್ತಕ್ಕಾ?"
ಸೆರಗು ಸರಿಸಿ ನೋಡಿದೆ, ಸೆಕೆಂಡಿನ ಸಮೇತ.
"ಆರಾಗ್ತಾ ಬಂತು" ಅಂದೆ.